ರವದಿ ಸುಡದ ಹೊಲ

ನಮ್ಮ ಮಾವನ ಹೊಲದ ಒಂದು ತುದಿಯಲ್ಲಿ ನಿಂತು ಕೂಗಿದರೆ ಇನ್ನೊಂದು ತುದಿಗೆ ಕೇಳಿಸುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಇದನ್ನು ನಿಜಕ್ಕೂ ಮಾಡಿ ತೋರಿಸಿದ್ದರು. ನನ್ನನ್ನು ಹೊಳೆಯ ಕಡೆಯ ಬದುವಿನ ಮೇಲೆ ನಿಲ್ಲಿಸಿ, ತಾವು ಸೈಕಲ್ ಹತ್ತಿ ಮೇಲಿನ ಕಲ್ಲುನೆಲದ ಮಡ್ಡಿಯವರೆಗೆ ಹೋಗಿ, ಅಲ್ಲಿಂದ ಏನೋ ಕೂಗಿ, ಬೆವರು ಒರೆಸಿಕೊಳ್ಳುತ್ತ ತಿರುಗಿ ಬಂದು, "ಏನಂದೆ, ಹೇಳ ನೋಡೂಣು" ಎಂದು ಕೇಳಿದರು. ನನಗೆ ಕೇಳಿಸಿದ್ದು ಕಬ್ಬಿನ ಗರಿಗಳ ಸರಸರ ಸದ್ದು ಮಾತ್ರ. ಏನು ಕೂಗಿದ್ದರೆಂದು ಅವರು ಇವತ್ತಿಗೂ ಹೇಳಿಲ್ಲ.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾವಿಬ್ಬರು ಬೆಳಗಾವಿಯ ಅನಗೋಳದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಅವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎಂಜಿನಿಯರ್. ನಾನು ಕೃಷಿ ಪದವಿ ಮುಗಿಸಿ ಊರಿನ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ರೈತರು ಬಟ್ಟೆಯ ಚೀಲದಲ್ಲೋ ಹಾಲಿನ ಪಾಕೀಟಿನಲ್ಲೋ ತಂದುಕೊಟ್ಟ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಅದರಲ್ಲಿ ಏನಿದೆ ಏನಿಲ್ಲ ಎಂದು ಹೇಳುವುದು ನನ್ನ ಕೆಲಸ. ಇಡೀ ದಿನ ಬೇರೆಯವರ ಹೊಲದ ಮಣ್ಣು ಮುಟ್ಟುತ್ತಿದ್ದವಳು ನಮ್ಮದೇ ಹೊಲದ ಮಣ್ಣನ್ನು ಒಮ್ಮೆಯೂ ನೋಡಿರಲಿಲ್ಲ. ಮಾವ ಕೇಳಿರಲಿಲ್ಲ, ನಾನಾಗಿ ಬಾಯಿ ಹಾಕಿರಲಿಲ್ಲ.

ಹೊಲ ಇದ್ದದ್ದು ಖಾನಾಪುರದ ಹತ್ತಿರ. ಕೆಳಗೆ ಮಲಪ್ರಭೆಯ ದಂಡೆಗೆ ಕಪ್ಪು ಮಣ್ಣು, ಮೇಲೆ ಹೋದಂತೆ ಕೆಂಪು ಮಣ್ಣು, ಇನ್ನೂ ಮೇಲೆ ಜಂಬಿಟ್ಟಿಗೆ ಕಲ್ಲಿನ ಹರಳು ತುಂಬಿದ ಮಡ್ಡಿ. ಮಾವ ಪ್ರಾಯದಲ್ಲಿ ಹೊಳೆಗೆ ಪಂಪು ಕೂಡಿಸಿ, ಪೈಪು ಎಳೆದು, ಆ ಮಡ್ಡಿಯ ತುದಿಯವರೆಗೆ ನೀರು ಹತ್ತಿಸಿದ್ದರು. ಜೋಳವೂ ಸರಿಯಾಗಿ ಬೆಳೆಯದ ಜಾಗದಲ್ಲಿ ಕಬ್ಬು ನಿಲ್ಲಿಸಿದ ಮನುಷ್ಯ ಎಂದು ಸುತ್ತಲ ಊರುಗಳಲ್ಲಿ ಅವರಿಗೆ ಹೆಸರಿತ್ತು. ಹೊಲದೊಳಗೇ ಕಟ್ಟಿದ ದೊಡ್ಡ ಮನೆಯಲ್ಲಿ ಅತ್ತೆ, ಮಾವ, ಮಾವನ ತಮ್ಮನ ಸಂಸಾರ ಎಲ್ಲರೂ ಇದ್ದರು. ಮಾವನ ತಮ್ಮನನ್ನು ನಾವು ಕಾಕಾ ಎನ್ನುತ್ತಿದ್ದೆವು. ಆಳುಗಳನ್ನು ನೋಡಿಕೊಳ್ಳುವುದು, ಕಬ್ಬು ಕಡಿಸಿ ಕಾರ್ಖಾನೆಗೆ ಕಳಿಸುವುದು ಎಲ್ಲ ಕಾಕಾರ ಪಾಲಿನ ಕೆಲಸ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ, ನೀರು ಸೋಸದೆ ಕುಡಿಯುವಂತಿಲ್ಲ, ನೆಲದೊಳಗಿನ ಗಡ್ಡೆ ಅಡುಗೆಮನೆಗೆ ಬರುವಂತಿಲ್ಲ. ಇದರಲ್ಲೆಲ್ಲ ಅತ್ತೆ ಬಹಳ ಕಟ್ಟುನಿಟ್ಟು. ಆದರೆ ಮಾತು ಮಾತಿಗೂ ನಗುವ, ನಗಿಸುವ ಹೆಂಗಸು. ಶನಿವಾರ ಸಂಜೆ ಲೋಂಡಾ ಕಡೆ ಹೋಗುವ ರೈಲುಗಾಡಿ ಹಿಡಿದು ಖಾನಾಪುರದಲ್ಲಿ ಇಳಿದು ನಾವು ಮನೆ ಮುಟ್ಟುವ ಹೊತ್ತಿಗೆ ಅವರ ಊಟ ಮುಗಿದಿರುತ್ತಿತ್ತು. "ಗಾಡಿ ತಡಾ ಆತಂದ್ರ ನನ್ನ ದೇವರಿಗಿ ತಿಳಿಯಂಗಿಲ್ಲವಾ, ಅಂವಗ ಹೊತ್ತು ಮುಳುಗೂದಷ್ಟ ಗೊತ್ತು" ಎಂದು ನಗುತ್ತ ನಮಗೆ ಬಡಿಸುತ್ತಿದ್ದರು.

ಬೆಳಗ್ಗೆ ಚಹಾ ಮಾಡುವುದು ನನ್ನ ಪಾಳಿ. ಮೊದಲ ಸಲ ಕೇಳಿದ್ದೆ, "ಸಕ್ಕರಿ ಎಷ್ಟ ಹಾಕಲ್ರಿ ಅತ್ತ್ಯಾರ?"

"ನನಗ ಬ್ಯಾಡವಾ. ಸಪ್ಪನ ಚಹಾನ ಸೇರತೈತಿ."

ಸಕ್ಕರೆ ಮಾತ್ರವಲ್ಲ, ಬೆಲ್ಲವನ್ನೂ ಅವರು ಮುಟ್ಟುತ್ತಿರಲಿಲ್ಲ. ಹಬ್ಬಕ್ಕೆ ಮನೆ ಮಂದಿಗೆಲ್ಲ ಹೋಳಿಗೆ ಮಾಡಿ ಹಾಕಿ, ತಾವು ಅನ್ನ ಸಾರು ಉಂಡು ಏಳುತ್ತಿದ್ದರು. ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡು ನಾನು ಹೆಚ್ಚು ಕೆದಕಲಿಲ್ಲ.

ಕಬ್ಬು ಕಡಿದಾದ ಮೇಲೆ ಹೊಲದ ತುಂಬ ಒಣಗಿದ ಗರಿ ಹಾಸಿಕೊಂಡು ಬೀಳುತ್ತದೆ. ನಮ್ಮ ಕಡೆ ಅದಕ್ಕೆ ರವದಿ ಎನ್ನುತ್ತಾರೆ. ಹಸಿರು ತುದಿಯನ್ನು ದನಕ್ಕೆ ಒಯ್ದ ಮೇಲೆ ಉಳಿದ ರವದಿಗೆ ಬೆಂಕಿ ಹಚ್ಚುವುದು ಆಗ ಎಲ್ಲರ ಪದ್ಧತಿ. ಸುಟ್ಟರೆ ಹೊಲ ಚೊಕ್ಕಟವಾಗುತ್ತದೆ, ಉಳಿದ ಬುಡದಿಂದ ಕೂಳೆ ಕಬ್ಬು ಚಿಗುರುವುದಕ್ಕೆ, ನೀರು ಹಾಯಿಸುವುದಕ್ಕೆ ಅಡ್ಡಿಯಿಲ್ಲ ಎಂದು. ಮದುವೆಯಾದ ವರ್ಷದ ಸುಗ್ಗಿಯಲ್ಲಿ ನಾನು ಅದನ್ನು ಮೊದಲು ನೋಡಿದೆ. ಕಾಕಾ ಗಾಳಿಯ ದಿಕ್ಕು ನೋಡಿ ಒಂದು ಮೂಲೆಗೆ ಕಿಡಿ ಮುಟ್ಟಿಸಿದರು. ಬೆಂಕಿ ನೆಲಕ್ಕೆ ಒತ್ತಿಕೊಂಡೇ ಓಡಿತು. ಮೇಲೆ ಹದ್ದುಗಳು ಸುತ್ತುತ್ತಿದ್ದವು, ಬೆಂಕಿಯ ಮುಂದೆ ಓಡಿ ಬರುವ ಹುಳುಹುಪ್ಪಟೆ ಹಿಡಿಯಲು. ಮನೆಯ ಹಿತ್ತಲವರೆಗೆ ಕಪ್ಪು ಬೂದಿ ಹಾರಿ ಬಂತು. ಅತ್ತೆ ಅವತ್ತು ಒಲೆಯ ಮುಂದೆ ಬರಲಿಲ್ಲ. ಉಪವಾಸ ಎಂದು ಹೇಳಿ, ಬಾಗಿಲು ಮುಂದೆ ಮಾಡಿಕೊಂಡು ಜಪಕ್ಕೆ ಕೂತಿದ್ದರು.

ಅದಾದ ಎರಡು ಸುಗ್ಗಿ ಕಳೆದ ಮೇಲೆ ಒಂದು ಭಾನುವಾರ ಮಾವ ನನ್ನನ್ನು ಪಡಸಾಲೆಗೆ ಕರೆದರು. ಅವರ ಕೈಯಲ್ಲಿ ಕೆಂಪು ಮಣ್ಣಿನ ಒಂದು ಹೆಂಟೆ ಇತ್ತು.

"ನಿಮ್ಮ ಲ್ಯಾಬಿನ್ಯಾಗ ನಮ್ಮ ಹೊಲದ ಮಣ್ಣ ನೋಡಾಕ ಬರತೈತೇನ?"

"ಬರತೈತ್ರಿ ಮಾವಾರ. ಯಾಕ್ರಿ?"

ಅವರು ಹೆಂಟೆಯನ್ನು ಕೈಯಲ್ಲೇ ತಿರುಗಿಸಿದರು. ಅಷ್ಟು ದೊಡ್ಡ ಒಕ್ಕಲುತನ ಕಟ್ಟಿದ ಮನುಷ್ಯನಿಗೆ ಸೊಸೆಯ ಮುಂದೆ ಅದನ್ನು ಹೇಳುವುದು ಸುಲಭವಿರಲಿಲ್ಲ ಎಂದು ಈಗ ನನಗೆ ತಿಳಿಯುತ್ತದೆ. "ವರ್ಷಾ ಗೊಬ್ಬರ ಹೆಚ್ಚ ಹಾಕಾಕತ್ತೀನಿ, ವರ್ಷಾ ಕಬ್ಬ ಕಡಿಮಿ ಬರಾಕತ್ತೈತಿ. ನೀರ ಐತಿ, ಬೀಜ ಚಲೋ ಐತಿ. ಮತ್ತ ಎಲ್ಲಿ ತಪ್ಪಾಕತ್ತೈತಿ ನನಗ ತಿಳಿವಲ್ದು." ಅಷ್ಟು ಹೇಳಿ ಹೆಂಟೆಯನ್ನು ಕಟ್ಟೆಯ ಮೇಲೆ ಇಟ್ಟರು. ಅದು ಇಟ್ಟಿಗೆಯ ಹಾಗೆ ಟಕ್ ಎಂದಿತು.

ಮುಂದಿನ ವಾರವೆಲ್ಲ ರಜೆ ಹಾಕಿ ಬಂದು ಇಡೀ ಹೊಲ ತಿರುಗಿದೆ. ಹೊಲವನ್ನು ಮಣ್ಣಿನ ಬಣ್ಣ, ಇಳಿಜಾರು ನೋಡಿ ಭಾಗ ಮಾಡಿಕೊಂಡು, ಪ್ರತಿ ಭಾಗದಲ್ಲೂ ಅಲ್ಲಲ್ಲಿ ಗೇಣುದ್ದ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮಣ್ಣು ಕೆತ್ತಿ ಬುಟ್ಟಿಗೆ ಹಾಕಿ, ಚೆನ್ನಾಗಿ ಕಲಸಿ, ಅದರಲ್ಲಿ ಒಂದು ಬೊಗಸೆಯಷ್ಟು ಉಳಿಸಿಕೊಳ್ಳುವುದು. ಮಾವ ಛತ್ರಿ ಹಿಡಿದು ನನ್ನ ಜೊತೆಗೇ ನಡೆದರು. ಯಾವ ತುಂಡಿಗೆ ಯಾವ ವರ್ಷ ನೀರು ಬಂತು, ಎಲ್ಲಿ ಮೊದಲು ಕಾಡು ಇತ್ತು, ಎಲ್ಲಿ ನೆಲ ಸಮ ಮಾಡಿಸುವಾಗ ಮೇಲ್ಮಣ್ಣು ಹೋಯಿತು, ಎಲ್ಲ ಹೇಳಿದರು. ಮಾವನ ಜೊತೆ ನಾನು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಗುಂಡಿ ತೋಡುವಾಗ ಒಂದನ್ನು ಗಮನಿಸಿದೆ. ಮೇಲಿನ ಹೊಲದಲ್ಲಿ ಎಷ್ಟು ಅಗೆದರೂ ಒಂದು ಎರೆಹುಳು ಕಾಣಲಿಲ್ಲ.

ಪ್ರಯೋಗಾಲಯದಲ್ಲಿ ನೋಡಿದಾಗ ನಾನು ಅಂದುಕೊಂಡದ್ದೇ ನಿಜವಾಯಿತು. ಹೊಳೆದಂಡೆಯ ಮಣ್ಣು ಇನ್ನೂ ಗಟ್ಟಿಮುಟ್ಟಾಗಿತ್ತು. ನಡುವಿನ ಮತ್ತು ಮೇಲಿನ ಕೆಂಪು ಮಣ್ಣು ಹುಳಿಯಾಗಿತ್ತು. ಖಾನಾಪುರದ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅದರ ಮೇಲೆ ವರ್ಷ ವರ್ಷ ಸುರಿದ ಯೂರಿಯಾ ಹುಳಿಯನ್ನು ಇನ್ನಷ್ಟು ಏರಿಸಿತ್ತು. ಅಂಥ ಮಣ್ಣಿಗೆ ರಂಜಕದ ಗೊಬ್ಬರ ಹಾಕಿದರೆ ಮಣ್ಣೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮಣ್ಣಿನಲ್ಲಿ ಕೊಳೆತ ಸೊಪ್ಪುಸದೆಯ ಅಂಶ ತಳ ಕಂಡಿತ್ತು. ಅದು ಇಲ್ಲದ ಮಣ್ಣು ನೀರು ಹಿಡಿಯುವುದಿಲ್ಲ, ಗೊಬ್ಬರ ಹಿಡಿಯುವುದಿಲ್ಲ, ಒಣಗಿದರೆ ಇಟ್ಟಿಗೆಯಾಗುತ್ತದೆ.

ಒಂದು ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಮಾವ, ಕಾಕಾ, ನನ್ನ ಗಂಡ ಕೂತಿದ್ದರು. ನಾನು ಇದನ್ನೆಲ್ಲ ತಿಳಿಯಾಗಿ ಹೇಳಿದೆ. ಮೂರು ಥರದ ಮಣ್ಣಿಗೂ ಒಂದೇ ಅಳತೆಯ ಗೊಬ್ಬರ ಹಾಕುವುದು ಬೇಡ. ಮೇಲಿನ ಹೊಲಕ್ಕೆ ಸುಣ್ಣಕಲ್ಲಿನ ಪುಡಿ ಬೇಕು. ನಾಲ್ಕೈದು ಬೆಳೆ ಕೂಳೆ ಬಿಡುವುದು ನಿಲ್ಲಿಸಿ, ನಡುವೆ ಒಮ್ಮೆ ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಹಸಿರು ಗೊಬ್ಬರವಾಗಿ ಹೊಲದಲ್ಲೇ ಮಣ್ಣಿಗೆ ಮುಚ್ಚಬೇಕು. ಮೊಟ್ಟಮೊದಲು ರವದಿ ಸುಡುವುದನ್ನು ಬಿಡಬೇಕು.

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಕಾಕಾ ಕೊನೆಯ ಮಾತಿಗೆ ನೆಟ್ಟಗಾದರು. "ಸುಡದನ ಏನ ಮಾಡೂದು? ಇಲಿ ಆಗತಾವ, ಹಾವ ಬರತಾವ. ರವದ್ಯಾಗ ಆಳ ಕಾಲ ಇಡಂಗಿಲ್ಲ. ಎಲ್ಲಾರೂ ಸುಡತಾರ."

ಮಾವನೂ ಒಪ್ಪಲಿಲ್ಲ. "ಬ್ಯಾರೆ ಎಲ್ಲಾ ಮಾಡೂಣು. ಸುಡೂದ ಬಿಟ್ಟರ ಕೂಳಿ ಕಬ್ಬ ಹೆಂಗ ಏಳತೈತಿ ತಂಗೀ? ನಾ ಕಬ್ಬ ಹಚ್ಚಿದಾಗಿನಿಂದ ಸುಟ್ಟಕೋತ ಬಂದೀವಿ."

ಆಗ ಒಳಬಾಗಿಲ ಹತ್ತಿರ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ಮೊರವನ್ನು ಕೆಳಗಿಟ್ಟರು.

"ನಾ ಒಂದ ಮಾತ ಕೇಳತೀನಿ. ನಾ ಸಕ್ಕರಿ ಬೆಲ್ಲ ಯಾಕ ಬಿಟ್ಟೀನಿ, ಗೊತ್ತೈತೇನ್ರಿ ನಿಮಗ?"

ಮಾವನಿಗೆ ಅದು ಎಲ್ಲಿಂದ ಎಲ್ಲಿಗೆ ಬಂದ ಮಾತು ಎಂದೇ ತಿಳಿಯಲಿಲ್ಲ. "ಶುಗರ್ ಐತಿ ನಿನಗ, ಅದಕ್ಕ."

"ಯಾವ ಡಾಕ್ಟರ್ ಹೇಳ್ಯಾನ?"

ಯಾವ ಡಾಕ್ಟರೂ ಹೇಳಿರಲಿಲ್ಲ. ಮನೆಯವರೆಲ್ಲ ತಾವೇ ಅಂದುಕೊಂಡು ಅದನ್ನೇ ನಂಬಿದ್ದರು.

ಅತ್ತೆ ದನಿ ಏರಿಸದೆ ಹೇಳಿದರು. ನನ್ನ ಗಂಡ ಇನ್ನೂ ಕಾಲೇಜಿನಲ್ಲಿದ್ದ ಕಾಲದ ಮಾತು. ಕೆಳಗಿನ ಹೊಲಕ್ಕೆ ಬುತ್ತಿ ಒಯ್ದಾಗ ಅಲ್ಲಿ ಬೆಂಕಿ ಹಚ್ಚಿದ್ದರು. ರವದಿಯೊಳಗೆ ಒಂದು ಬುರ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂತಿತ್ತು. ನೆಲದಲ್ಲೇ ಗೂಡು ಮಾಡುವ, ಮಣ್ಣಿನ ಬಣ್ಣದ ಸಣ್ಣ ಹಕ್ಕಿ ಅದು. ಬೆಂಕಿ ಹತ್ತಿರ ಬಂದರೂ ಎದ್ದು ಹಾರಲಿಲ್ಲ. ಅತ್ತೆ ಓಡಿ ಹೋಗುವುದರೊಳಗೆ ಎಲ್ಲ ಮುಗಿದಿತ್ತು. "ಅವತ್ತ ಬಸದಿಗಿ ಹೋಗಿ ನೇಮ ಮಾಡೀನಿ. ಸುಟ್ಟ ಹೊಲದ ಸಿಹಿ ನನ್ನ ಬಾಯಿಗಿ ಬ್ಯಾಡ ಅಂತ. ನಿಮಗ ಹೇಳಲಿಲ್ಲ. ಹೇಳಿದ್ರ ಒಕ್ಕಲುತನಾ ಬಿಡು ಅಂದಂಗ ಆಗತೈತಿ, ಒಕ್ಕಲುತನಾ ಬಿಟ್ಟರ ಮನಿ ನಡಿಯಂಗಿಲ್ಲ. ಇವತ್ತ ಈಕಿ ಹೇಳಾಕತ್ತಾಳ, ಸುಡದನೂ ಬೆಳೀಬಹುದು ಅಂತ. ಅದಕ್ಕ ಬಾಯಿ ಬಿಟ್ಟೆ."

ಮತ್ತೆ ಮೊರ ಎತ್ತಿಕೊಂಡರು. ಸಾವಿರಾರು ಟನ್ನು ಕಬ್ಬು ಬೆಳೆದ ಮನೆಯ ಯಜಮಾನಿ ಅಷ್ಟು ವರ್ಷ ಸಪ್ಪೆ ಚಹಾ ಕುಡಿದುಕೊಂಡು ಇದ್ದರು, ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಾವ ಎದ್ದು ಅಂಗಳದ ಅಂಚಿಗೆ ಹೋಗಿ ಹೊಲದ ಕಡೆ ನೋಡಿ ಬಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗ ಎಷ್ಟ ಹೊಲ ಬೇಕು, ಮಾಡಿ ನೋಡಾಕ?" ಎಂದರು.

ನಾನು ಮಡ್ಡಿಯ ಒಂದು ಸಣ್ಣ ತುಂಡು ಸಾಕು ಎಂದೆ.

"ಸಣ್ಣದ ಬ್ಯಾಡ. ಸಣ್ಣದರಾಗ ಏನ ಮಾಡಿದ್ರೂ ಬರತೈತಿ. ನಡುವಿನ ದೊಡ್ಡ ಹೊಲ ತಗೋ. ಬಂದ್ರ ಎಲ್ಲಾರಿಗೂ ಕಾಣಲಿ, ಬರದಿದ್ರೂ ಎಲ್ಲಾರಿಗೂ ಕಾಣಲಿ."

ಅದು ಇಡೀ ಒಕ್ಕಲುತನದ ಎದೆಯಂಥ ಹೊಲ. ರಸ್ತೆಗೆ ಹತ್ತಿದ್ದು, ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂಥದ್ದು. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಆ ಸುಗ್ಗಿಯಲ್ಲಿ ಆ ಹೊಲದ ಕಬ್ಬು ಕಡಿದಾದ ಮೇಲೆ ಹತ್ತಿರದ ಊರಿನ ಹೆಣ್ಣಾಳುಗಳನ್ನು ಕರೆಸಿದೆವು. ರವದಿಯನ್ನು ಎಳೆದು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಒತ್ತಾಗಿ ಹಾಸಬೇಕು. ಬಿಟ್ಟ ಸಾಲಿನಲ್ಲಿ ನೀರು ಹಾಯಬೇಕು. ಗರಿಯ ಅಂಚು ಕೈ ಕೊಯ್ಯುತ್ತದೆ. ಅವರಿಗೆ ತೊಡಲು ಹಳೆಯ ಅಂಗಿಗಳನ್ನೂ ಕೈಗವಸನ್ನೂ ನನ್ನ ಗಂಡ ಫೌಂಡ್ರಿಯ ಗೆಳೆಯರಿಂದ ಕೂಡಿಸಿ ತಂದರು. ಖಾಕಿ ಅಂಗಿ ತೊಟ್ಟ ಆ ಹೆಂಗಸರು ಮರಾಠಿಯಲ್ಲಿ ಹಾಡಿಕೊಳ್ಳುತ್ತ ಕೆಲಸ ಮಾಡುವುದನ್ನು ನೋಡಿ, ಹೊಲದಲ್ಲಿ ಕಾರ್ಖಾನೆ ತೆಗೆದಿದ್ದಾರೆ ಎಂದು ಬಸ್ಸಿನವರು ಚೇಷ್ಟೆ ಮಾಡುತ್ತಿದ್ದರಂತೆ. ಹಾಸಿದ ರವದಿಯ ಮೇಲೆ ಸೆಗಣಿ ನೀರು, ಸ್ವಲ್ಪ ಯೂರಿಯಾ, ಸ್ವಲ್ಪ ರಂಜಕದ ಗೊಬ್ಬರ ಚಿಮುಕಿಸಿದೆವು, ಬೇಗ ಕೊಳೆಯಲೆಂದು. ಅತ್ತೆ ದಿನಾ ಬಂದು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಆ ವರ್ಷ ಆ ಹೊಲಕ್ಕೆ ಬೆಂಕಿ ಬೀಳಲಿಲ್ಲ.

ಕೂಳೆ ಚಿಗುರಿತು. ಎಲ್ಲರಿಗೂ ಸಮಾಧಾನವಾಯಿತು. ಆದರೆ ಬೇಸಿಗೆ ಏರಿದಂತೆ ಚಿಗುರು ಹಳದಿಯಾಗತೊಡಗಿತು. ಬದುವಿನಾಚೆ ಸುಟ್ಟ ಹೊಲದ ಕೂಳೆ ಕಡು ಹಸಿರು, ಈಚೆ ನಮ್ಮದು ಕಾಮಾಲೆ ಬಂದವರ ಹಾಗೆ. ಯಾಕೆಂದು ನನಗೆ ಗೊತ್ತಿತ್ತು. ರವದಿಯನ್ನು ತಿಂದು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಅವು ಮೊದಲು ತಮ್ಮ ಪಾಲು ಎತ್ತಿಕೊಳ್ಳುತ್ತವೆ, ಬೆಳೆಗೆ ಆಗ ಕೊರತೆ ಬೀಳುತ್ತದೆ. ರವದಿ ಕೊಳೆತ ಮೇಲೆ ಎಲ್ಲ ತಿರುಗಿ ಕೊಡುತ್ತವೆ. ಪುಸ್ತಕದಲ್ಲಿ ಓದಿದ್ದು, ಪರೀಕ್ಷೆಯಲ್ಲಿ ಬರೆದದ್ದು. ಆದರೆ ಅಷ್ಟು ದೊಡ್ಡ ಹೊಲ ಕಣ್ಣೆದುರು ಹಳದಿಯಾದಾಗ ಓದಿದ್ದು ಧೈರ್ಯ ಕೊಡುವುದಿಲ್ಲ.

ಕಾಕಾ ಆಳುಗಳನ್ನು ಕರೆದುಕೊಂಡು ಬಂದೇಬಿಟ್ಟರು. ರವದಿಯನ್ನೆಲ್ಲ ಎಳೆದು ಬದುವಿಗೆ ಹಾಕಿ ಸುಡುವುದು, ಈಗಲಾದರೂ ಬೆಳೆ ಉಳಿಸಿಕೊಳ್ಳುವುದು ಎಂದು ಅವರ ಹಟ. "ಓದಿದವ್ರ ಮಾತ ಕೇಳಿ ಹೊಲಾ ಹಾಳ ಮಾಡಿದ್ರು ಅಂತ ಊರ ಮಂದಿ ನಗಾಕತ್ತಾರ" ಎಂದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಬೆಳೆಯ ಮೇಲೆ ಅಷ್ಟು ಜೀವ ಅವರಿಗೆ.

ನಾನು ಮಾವನಿಗೆ ಹೇಳಿದೆ, "ಮಾವಾರ, ಬುಡಕ್ಕ ಸೊಲ್ಪ ಸೊಲ್ಪ ಯೂರಿಯಾ ಕೊಡತೀನಿ. ಮಳಿ ಬೀಳೂತನಕ ನನಗ ಬಿಡ್ರಿ. ಮಳಿ ಬಿದ್ದ ಮ್ಯಾಲೂ ಹಸರ ಆಗಲಿಲ್ಲಂದ್ರ ನಾನ ನಿಂತ ರವದಿ ತಗಸತೀನಿ."

ಮಾವ ಒಂದು ಹಳದಿ ಸುಳಿಯನ್ನು ಹಿಡಿದು ನೋಡಿದರು. ಬಗ್ಗಿ ರವದಿಯನ್ನು ಸರಿಸಿ ಕೆಳಗಿನ ಮಣ್ಣು ಮುಟ್ಟಿದರು. ಸುತ್ತಲೆಲ್ಲ ಬಿಸಿಲಿಗೆ ನೆಲ ಬಿರಿದಿತ್ತು; ರವದಿಯ ಕೆಳಗೆ ಮಣ್ಣು ತಂಪಾಗಿತ್ತು, ಕೈಗೆ ತೇವ ಹತ್ತಿತು. ಆ ಕೈಯನ್ನು ತಮ್ಮನಿಗೆ ತೋರಿಸಿದರು. "ಪಂಪ್ ಬಂದಾಗಿನಿಂದ ಏಪ್ರಿಲ್‌ದಾಗ, ನೀರ ಬಿಟ್ಟ ವಾರ ಆದ ಮ್ಯಾಲೂ, ಈ ಹೊಲದ ಮಣ್ಣ ಹಸಿ ಇದ್ದದ್ದ ನೋಡೀಯೇನ? ಕಾಯೂಣು. ಆಳ ಕರಕೊಂಡ ಹೋಗು."

ನಾನು ಪ್ರಯೋಗಾಲಯದಿಂದ ಉದ್ದದ ರಜೆ ಪಡೆದು ಖಾನಾಪುರದಲ್ಲೇ ಉಳಿದೆ. ಬೆಳಗ್ಗೆ ಎದ್ದ ಕೂಡಲೇ ಹೊಲಕ್ಕೆ. ಬುಡಬುಡಕ್ಕೂ ಅಳೆದು, ಹಿಂದಿಗಿಂತ ಕಡಿಮೆ ಗೊಬ್ಬರ, ಅದರ ಹಿಂದೆ ಸೆಗಣಿ ನೀರು. ಮೇ ತಿಂಗಳ ಕೊನೆಗೆ ಗುಡುಗಿನ ಮಳೆ ಒಂದು ಜೋರಾಗಿ ಹೊಡೆಯಿತು. ಅದಾದ ಮೇಲೆ ಒಂದು ಬೆಳಗ್ಗೆ ಸುಳಿಯೆಲೆಯ ಬುಡದಲ್ಲಿ ಹಸಿರು ಕಂಡಿತು. ಮೊದಲು ನನ್ನ ಕಣ್ಣಿನ ಭ್ರಮೆ ಅಂದುಕೊಂಡೆ. ಮರುದಿನ ಇನ್ನಷ್ಟು ಮೇಲೇರಿತು. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಬದುವಿನ ಆಚೆಗೂ ಈಚೆಗೂ ಭೇದ ಉಳಿಯಲಿಲ್ಲ. ನಾನು ಹೊಲದ ನಡುವೆ ನಿಂತು ಕಣ್ಣೀರು ಹಾಕಿದೆನೆಂದರೆ ಯಾರೂ ನಂಬಲಿಕ್ಕಿಲ್ಲ. ಮಳೆ ಬರುತ್ತಿತ್ತು, ಯಾರಿಗೂ ಕಾಣಲಿಲ್ಲ.

ಖಾನಾಪುರದ ಮಳೆ ಎಂದರೆ ಸಣ್ಣ ಮಳೆಯಲ್ಲ. ಜುಲೈನಲ್ಲಿ ಹಗಲಿರುಳು ಸುರಿಯಿತು. ಒಂದು ದಿನ ಮಾವ ಗೊಂಗಡಿ ಕಂಬಳಿ ಹೊದ್ದು ನನ್ನನ್ನು ಕರೆದುಕೊಂಡು ಹಳ್ಳದ ಕಡೆ ಹೋದರು. ಸುತ್ತಲ ಹೊಲಗಳ ನೀರೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಎಲ್ಲ ಕಾಲುವೆಗಳಿಂದ ಕುಂಕುಮ ಕದಡಿದಂಥ ಕೆಂಪು ನೀರು. ಮಣ್ಣೇ ಹರಿದು ಹೋಗುತ್ತಿತ್ತು. ನಮ್ಮ ನಡುವಿನ ಹೊಲದ ಕಾಲುವೆಯಿಂದ ಬರುತ್ತಿದ್ದ ನೀರು ತೆಳು ಚಹಾದ ಬಣ್ಣದ್ದು, ತಳದ ಹರಳು ಕಾಣುವಷ್ಟು ತಿಳಿ. ಮಾವ ಬಗ್ಗಿ ಆ ನೀರಿಗೆ ಕೈ ಅದ್ದಿದರು. "ಇಷ್ಟ ವರ್ಷ ನಮ್ಮ ಹೊಲಾನ ಇದರಾಗ ಹರದ ಹೋಗೇತಲ್ಲ" ಎಂದಷ್ಟೇ ಅಂದರು. ಮನೆಗೆ ಹೋಗಿ ಕಾಕಾರನ್ನೂ ಕರೆದು ತಂದು ತೋರಿಸಿದರು.

ಸುಗ್ಗಿ ಬಂತು. ಆ ಹೊಲದ ಕಬ್ಬಿನ ತೂಕ ಹಿಂದಿನ ವರ್ಷದಷ್ಟೇ ಬಂದಿತ್ತು, ಹೆಚ್ಚಿರಲಿಲ್ಲ. ನಾನು ಒಳಗೊಳಗೆ ಇನ್ನೂ ಹೆಚ್ಚು ನಿರೀಕ್ಷೆ ಮಾಡಿದ್ದೆ. "ಇಷ್ಟೆಲ್ಲಾ ಮಾಡಿ ಅಷ್ಟ ಬಂತಲ್ಲ" ಎಂದರು ಕಾಕಾ.

"ಅಷ್ಟ ಬಂತು ಅನಬ್ಯಾಡ" ಎಂದರು ಮಾವ. "ವರ್ಷಾ ಇಳಕೋತ ಬಂದದ್ದು ಈ ವರ್ಷ ನಿಂತಿತು. ಅದೂ ಕಡಿಮಿ ಗೊಬ್ಬರದಾಗ. ಇಳಿಯೂ ಗಾಡಿ ನಿಂತ ಮ್ಯಾಲ ಏರತೈತಿ."

ಬೇರೆ ಹೊಲಗಳಲ್ಲಿ ಆ ವರ್ಷವೂ ತೂಕ ಇಳಿದಿತ್ತು. ಅದನ್ನು ಕಾಕಾರೇ ಲೆಕ್ಕ ಹಾಕಿ ನೋಡಿ, ಆ ಸುಗ್ಗಿಯಲ್ಲಿ ಕೆಳಗಿನ ಹೊಲದ ರವದಿಗೂ ಬೆಂಕಿ ಹಚ್ಚಲಿಲ್ಲ.

ನಡುವಿನ ಹೊಲದ ಒಂದು ಗಾಡಿ ಕಬ್ಬನ್ನು ಕಾರ್ಖಾನೆಗೆ ಕಳಿಸದೆ ಮಾವ ಪಕ್ಕದ ಊರಿನ ಗಾಣಕ್ಕೆ ಹೊಡೆಸಿದರು. ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಬಾಳೆಯೆಲೆಯಲ್ಲಿ ಸುತ್ತಿದ ಬೆಚ್ಚನೆಯ ಬೆಲ್ಲ ಹಿಡಿದು ಮನೆಗೆ ಬಂದರು. ಯಾರ ಕೈಗೂ ಕೊಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, "ಇದು ಸುಡದ ಹೊಲದ್ದು" ಎಂದು ಅತ್ತೆಯ ಮುಂದಿಟ್ಟರು. ಅತ್ತೆ ಕೈಮುಗಿದು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿಕೊಂಡು ಕರಗುವವರೆಗೆ ಕೂತಿದ್ದರು. ಆಮೇಲೆ ಕಣ್ಣು ತೆರೆದು, "ಗಾಣದಾಂವ ಪಾಕ ಸೊಲ್ಪ ಹೆಚ್ಚ ಕಾಸ್ಯಾನ" ಎಂದರು. ಮಾವ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಉಳಿದದ್ದು ಸುಣ್ಣದ ಕೆಲಸ. ಅಷ್ಟು ದೊಡ್ಡ ಮಡ್ಡಿಗೆ ಸುಣ್ಣಕಲ್ಲಿನ ಪುಡಿ ಎಲ್ಲಿಂದ ತರುವುದು ಎಂದು ನಾನು ಚಿಂತೆಯಲ್ಲಿದ್ದಾಗ ದಾರಿ ತೋರಿಸಿದವರು ನನ್ನ ಗಂಡ. ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವಾಗ ಕೊಳೆ ಬೇರೆ ಮಾಡಲು ಕುಲುಮೆಗೆ ಸುಣ್ಣಕಲ್ಲು ಹಾಕುತ್ತಾರೆ. ಅವರಿಗೆ ಬೇಕಾದದ್ದು ದಪ್ಪ ತುಂಡು. ಕಲ್ಲು ಒಡೆಯುವಲ್ಲಿ ಉಳಿಯುವ ಸಣ್ಣ ಪುಡಿ ಯಾರಿಗೂ ಬೇಡ, ಗುಡ್ಡೆ ಬಿದ್ದಿರುತ್ತದೆ. ಅದೇ ನನಗೆ ಬೇಕಾದದ್ದು. ಉದ್ಯಮಬಾಗಕ್ಕೆ ಕಲ್ಲು ತಂದು ಹಾಕುವ ಲಾರಿಯವರಿಗೆ ಹೇಳಿ ಪುಡಿಯನ್ನು ಖಾನಾಪುರಕ್ಕೆ ತರಿಸಿದರು. ನಾನು ಮಾದರಿ ನೋಡಿ, ಚಲೋ ಇದೆ ಎಂದೆ.

ಲಾರಿಯಿಂದ ಬಿಳಿ ಪುಡಿ ಇಳಿಯುವುದನ್ನು ನೋಡಿ ಅತ್ತೆ ಬಿರಬಿರನೆ ಬಂದರು. ಅವರ ಮುಖ ಸರಿಯಿರಲಿಲ್ಲ.

"ಸುಣ್ಣಾ ಹಾಕಿದ್ರ ಎರಿಹುಳ ಸುಟ್ಟ ಸಾಯಂಗಿಲ್ಲೇನ? ಬೆಂಕಿ ಬಿಡಿಸಿದಾಕೀನ ಸುಣ್ಣಾ ಹಾಕತೀಯಲ್ಲ."

"ಇದು ಗ್ವಾಡಿಗಿ ಹಚ್ಚೂ ಸುಣ್ಣ ಅಲ್ರಿ. ಅದನ್ನ ಸುಟ್ಟಿರತಾರ, ಅದು ಸುಡತೈತಿ. ಇದು ಬರೇ ಕಲ್ಲಿನ ಹಿಟ್ಟು."

"ಖರೇ ಅಂತ ಹೆಂಗ ತಿಳಿಯೂದು?"

ಒಂದು ಕುಂಡದಲ್ಲಿ ಹುಳು ಬಿಟ್ಟು ನೋಡೋಣವೇ ಎಂದೆ. "ಹುಳ ಸತ್ತರ ಆ ಪಾಪ ಯಾರಿಗಿ?" ಎಂದು ಅವರು ಒಪ್ಪಲಿಲ್ಲ. ತಾವೇ ಒಂದು ಹಿಡಿ ಪುಡಿ ತೆಗೆದುಕೊಂಡು, ನೀರು ಬಿಟ್ಟು ಕಲಸಿ, ಮುಷ್ಟಿ ಕಟ್ಟಿಕೊಂಡು ಬಾಗಿಲ ಮುಂದೆ ಕೂತರು. ಲಾರಿ ಪೂರ್ತಿ ಖಾಲಿಯಾಗುವವರೆಗೆ ಕೈ ಬಿಚ್ಚಲಿಲ್ಲ. ಆಮೇಲೆ ಕೈ ತೊಳೆದು, ಅಂಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ಸುಡಲಿಲ್ಲ. ಹಾಕ" ಎಂದರು. ನಾನು ಕಲಿತ ಕಾಲೇಜಿನಲ್ಲಿ ಯಾರೂ ನನ್ನನ್ನು ಅಷ್ಟು ಬಿಗಿಯಾಗಿ ಪರೀಕ್ಷೆ ಮಾಡಿರಲಿಲ್ಲ.

ಮಡ್ಡಿಯಲ್ಲಿ ಕೂಳೆಯನ್ನು ಕಿತ್ತು, ಸುಣ್ಣದ ಪುಡಿ ಎರಚಿ, ಮಳೆಗಾಲದ ಮೊದಲಿಗೆ ಸೆಣಬು ಬಿತ್ತಿದೆವು. ಆಳೆತ್ತರ ಬೆಳೆದು ಹಳದಿ ಹೂ ಬಿಟ್ಟಾಗ ಟ್ರ್ಯಾಕ್ಟರ್ ಹಾಯಿಸಿ ಮಣ್ಣಿಗೆ ಮುಚ್ಚಿದೆವು. ಅಷ್ಟು ಚೆಂದದ ಬೆಳೆ ಮಣ್ಣು ಪಾಲಾಯಿತಲ್ಲ ಎಂದು ದಾರಿಯಲ್ಲಿ ಹೋಗುವವರು ನಿಂತು ಮರುಗಿದರು. ಮುಂದಿನ ಮಳೆಗಾಲದಲ್ಲಿ ಅದೇ ನೆಲದ ಮೇಲೆ ಎರೆಹುಳು ಉಗುಳಿದ ಮಣ್ಣಿನ ಸಣ್ಣ ಸಣ್ಣ ಗುಪ್ಪೆ ಕಂಡವು. ಅತ್ತೆ ಸೀರೆಯ ನಿರಿಗೆ ಎತ್ತಿ ಹಿಡಿದು, ಯಾವುದನ್ನೂ ತುಳಿಯದ ಹಾಗೆ ಸುತ್ತಿ ಬಳಸಿ ನಡೆದರು.

ಆಮೇಲೆ ಮಾವ ಹೇಳಿದ ಹಾಗೆ ಗಾಡಿ ಏರಿತು. ತೂಕ ವರ್ಷ ವರ್ಷ ಸ್ವಲ್ಪ ಸ್ವಲ್ಪ ಮೇಲೆ ಬಂತು. ನಾನು ಪ್ರಯೋಗಾಲಯದ ಕೆಲಸ ಬಿಟ್ಟೆ. ಅನಗೋಳದ ಮನೆಯನ್ನು ಉಳಿಸಿಕೊಂಡು, ವಾರದ ಹೆಚ್ಚು ದಿನ ಖಾನಾಪುರದಲ್ಲಿರತೊಡಗಿದೆ. ಇಡೀ ಒಕ್ಕಲುತನದ ಗೊಬ್ಬರದ ಲೆಕ್ಕ, ಯಾವ ಹೊಲಕ್ಕೆ ಯಾವ ಬೆಳೆ ಎಂಬ ತೀರ್ಮಾನ ನನ್ನ ಪಾಲಿಗೆ ಬಂತು. ಗಂಡ ಶನಿವಾರ ಗಾಡಿಯಲ್ಲಿ ಬಂದು ಸೋಮವಾರ ಹೋಗುತ್ತಿದ್ದರು. ಮನೆ ನೋಡಲು ಬಂದ ನೆಂಟರು ಇದನ್ನು ವಿಚಿತ್ರ ಎನ್ನುತ್ತಿದ್ದರು. ಮಾವ ಅಂಥವರನ್ನು ಹೊಲಕ್ಕೆ ಕರೆದುಕೊಂಡು ಹೋಗಿಬಿಡುತ್ತಿದ್ದರು.

ಒಂದು ಚಳಿಗಾಲದಲ್ಲಿ ತಾಲ್ಲೂಕಿನ ಬೇರೆ ಬೇರೆ ಊರುಗಳಿಂದ ರೈತರು ಒಂದು ಟೆಂಪೋ ತುಂಬ ಬಂದರು. ಸುಡದೆ ಕಬ್ಬು ಬೆಳೆಯುವುದನ್ನು ನೋಡಬೇಕು ಎಂದು. ಹೆಚ್ಚಿನವರು ಮರಾಠಿಯವರು. ಎಲ್ಲರೂ ಮಾವನ ಸುತ್ತ ನೆರೆದು ಅವರನ್ನೇ ಪ್ರಶ್ನೆ ಕೇಳತೊಡಗಿದರು. ಮಾವ ಕೈ ಎತ್ತಿ ತಡೆದರು.

"ನೀರಿನ ಮಾತಿದ್ರ ನನ್ನ ಕೇಳ್ರಿ. ಮಣ್ಣಿನ ಮಾತ ನಮ್ಮ ಸೊಸೀನ ಕೇಳ್ರಿ. ನಾನೂ ಆಕೀನ್ನ ಕೇಳತೀನಿ."

ಅದನ್ನೇ ಮರಾಠಿಯಲ್ಲೂ ಹೇಳಿದರು, ಎಲ್ಲರಿಗೂ ತಿಳಿಯಲೆಂದು. ಎಲ್ಲರ ಮುಖ ನನ್ನ ಕಡೆ ತಿರುಗಿತು. ನನ್ನ ಮರಾಠಿ ಆಗ ಅಷ್ಟಕ್ಕಷ್ಟೆ. ಮೊದಲ ವಾಕ್ಯದಲ್ಲೇ ತಡವರಿಸಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಸರಿಯಾದ ಮಾತನ್ನು ಅಲ್ಲಿಂದಲೇ ಎಸೆದರು, ಎಲ್ಲರೂ ನಕ್ಕರು, ನನ್ನ ನಾಲಿಗೆಯ ಗಂಟು ಬಿಚ್ಚಿತು. ಒಬ್ಬ ಹಿರಿಯರು, ಇದರಲ್ಲಿ ಇಲಿ ಆಗುವುದಿಲ್ಲವೇ ಎಂದು ಕೇಳಿದರು. ನಾನು ಉತ್ತರ ಕೊಡುವುದರೊಳಗೆ ಕಾಕಾ ಮುಂದೆ ಬಂದು, ಇಲಿ ತಿನ್ನುವ ಗೂಬೆ ಕೂರಲು ತಾವು ಹೊಲದಲ್ಲಿ ನೆಟ್ಟ ಕಂಬಗಳ ವಿಷಯವನ್ನು ಉತ್ಸಾಹದಿಂದ ವಿವರಿಸತೊಡಗಿದರು. ಆಮೇಲೆ ಅವರೇ ಒಳಗೆ ಹೋಗಿ ಗುದ್ದಲಿ ತಂದು ನನ್ನ ಕೈಗೆ ಕೊಟ್ಟರು.

"ಹೇಳೂದ ಸಾಕು. ಮಣ್ಣ ಅಗದ ತೋರಸ."

ನಾನು ಗುದ್ದಲಿ ಹೆಗಲಿಗೇರಿಸಿ ಬದು ಇಳಿದೆ. ಅವರೆಲ್ಲ ಹಿಂದೆ ಬಂದರು.